ಮೂರು ಮಡಕೆ ಒಡೆದು ಕಲಿತದ್ದು: ಬೋಕಿಚೂರಿನ ಆಕಾರ ಬರೆಯುವ ಸಲಕರಣೆ

ಸೋತದ್ದರಿಂದಲೇ ಶುರು ಮಾಡುತ್ತೇನೆ. ಒಡೆದ ಗಡಿಗೆಯ ಕತ್ತಿನ ಚೂರೊಂದು ಕೈಗೆ ಸಿಕ್ಕಿತ್ತು. ಉತ್ಖನನದ ವರದಿಗಳಲ್ಲಿ ಬರುವ ಹಾಗೆ ಅದರ ಆಕಾರವನ್ನು ಮಾತಿನಲ್ಲಿ ಬರೆಯೋಣ ಎಂದು ಕೂತು ಹೀಗೆ ಬರೆದೆ: ‘ಚೆಂದವಾಗಿ ಹೊರಬಾಗಿದ ಬಾಯಿ, ಸಪೂರ ಕತ್ತು, ಇಳಿಜಾರು ಹೆಗಲು.’ ಚೂರನ್ನು ಬಟ್ಟೆ ಕೆಳಗೆ ಮುಚ್ಚಿಟ್ಟು, ಬರೆದದ್ದನ್ನು ತಂಗಿಗೆ ಓದಿ ಹೇಳಿ, ಚಿತ್ರ ಬರೆ ಎಂದೆ. ಅವಳು ಹೂದಾನಿ ಬರೆದಳು.

"ಅಣ್ಣಾ, ನೀನು ಹೇಳಿದ್ದನ್ನೇ ಬರೆದಿದ್ದೀನಿ. ಬಾಯಿ ಬಾಗಿದೆ, ಕತ್ತು ಸಪೂರ ಇದೆ, ಹೆಗಲು ಜಾರಿದೆ. ಇನ್ನೇನು ಬೇಕು?"

ಅವಳದ್ದೇನೂ ತಪ್ಪಿರಲಿಲ್ಲ. ನಾನು ಹೇಳಿದ ಮೂರು ಮಾತಿನಲ್ಲಿ ಒಂದೂ ಆಕಾರವಾಗಿರಲಿಲ್ಲ, ಮೂರೂ ಅಭಿಪ್ರಾಯ. ಸಪೂರ ಅಂದರೆ ಎಷ್ಟು? ಬಾಯಿಗಿಂತ ಎಷ್ಟು ಕಿರಿದು? ಬಾಗುವುದು ಎಲ್ಲಿಂದ ಶುರು? ಇದಕ್ಕೆ ಉತ್ತರ ಕೊಡುವ ಸಲಕರಣೆಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಎಂದು ಹೊರಟೆ. ಮೂರು ವಾರ ಹಿಡಿಯಿತು. ಕೆಡಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಒಡೆಯುವ ಕೆಲಸ

ಅಭ್ಯಾಸಕ್ಕೆ ಪುರಾತನ ಚೂರು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ನೆಲದಲ್ಲಿ ಬಿದ್ದಿರುವ ಹಳೆಯ ಬೋಕಿಗೆ ಅದು ಬಿದ್ದಿರುವ ಜಾಗವೇ ಅರ್ಧ ಮಾಹಿತಿ. ಎತ್ತಿ ಜೇಬಿಗೆ ಹಾಕಿಕೊಂಡ ಕ್ಷಣ ಆ ಅರ್ಧ ಹೋಯಿತು. ಇನ್ನೊಂದು ಕಾರಣ ನನ್ನ ಸ್ವಾರ್ಥದ್ದು. ಹಳೆಯ ಚೂರಿಗೆ ಉತ್ತರಪತ್ರಿಕೆ ಇರುವುದಿಲ್ಲ. ಬಾಯಿ 18 ಸೆಂಟಿಮೀಟರ್ ಎಂದು ನಾನು ಬರೆದರೆ ಸರಿಯೋ ತಪ್ಪೋ ಹೇಳುವವರು ಯಾರು?

ಹಾಗಾಗಿ ಹೊಸ ಮಣ್ಣಿನ ಪಾತ್ರೆ ಮೂರು ತಂದೆ. ಅಗಲ ಬಾಯಿಯ ಬಟ್ಟಲು ಒಂದು, ಉರುಟು ತಳದ ಗಡಿಗೆ ಒಂದು, ಪುಟ್ಟ ಕುಡಿಕೆ ಒಂದು. ನಾನು ಕೋಣೆಯಿಂದ ಹೊರಗಿರುವಾಗ ತಂಗಿ ಮೂರರ ಅಳತೆಯನ್ನೂ ತೆಗೆದು, ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿದಳು. ಆಮೇಲೆ ಒಂದೊಂದನ್ನೇ ಗೋಣಿಚೀಲದಲ್ಲಿ ಸುತ್ತಿ ಮರದ ಸುತ್ತಿಗೆಯಿಂದ ಹೊಡೆದೆ. ಬಟ್ಟಲು 19 ಚೂರಾಯಿತು, ಗಡಿಗೆ 41. ಕುಡಿಕೆಗೆ ಹೊಡೆಯುವಾಗ ಕೈ ಯಾಕೋ ಹಿಂಜರಿಯಿತು, 8 ಚೂರಷ್ಟೇ. ತಂಗಿ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಕಲಸಿಬಿಟ್ಟಳು. ಒಟ್ಟು 68.

ಒಳಮೈಯಲ್ಲಿ ಪೆನ್ಸಿಲಿನಿಂದ ನಂಬರು ಹಾಕಿದೆ. ವಸ್ತುಸಂಗ್ರಹಾಲಯಗಳಲ್ಲಿ ಹೀಗೆ ನೇರವಾಗಿ ಚೂರಿನ ಮೇಲೆ ಬರೆಯುವುದಿಲ್ಲ. ಪ್ಯಾರಾಲಾಯ್ಡ್ ಬಿ-72 ಎಂಬ ರಾಳದ ತೆಳು ಪದರ ಬಳಿದು, ಒಣಗಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ಬರೆಯುತ್ತಾರೆ. ಬೇಡವಾದಾಗ ಪದರದ ಸಮೇತ ಅಸಿಟೋನ್‌ನಲ್ಲಿ ಒರೆಸಿ ತೆಗೆಯಬಹುದು. ನನ್ನ ಚೂರುಗಳಿಗೆ ಅಷ್ಟು ಮರ್ಯಾದೆ ಬೇಕಿರಲಿಲ್ಲ.

68ರಲ್ಲಿ ಬಾಯಂಚು ಇದ್ದ ಚೂರು ಬರೀ 14. ಉಳಿದದ್ದರಲ್ಲಿ ಹೆಚ್ಚಿನವು ಒಡಲಿನವು. ಬಾಯಂಚಿಗೆ ಯಾಕಿಷ್ಟು ಬೆಲೆ ಎಂಬುದು ಬುಟ್ಟಿಗೆ ಕೈ ಹಾಕಿದ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಒಡಲಿನ ಚೂರು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಬಾಯಂಚು ಮಾತ್ರ, ಮೇಲು ಯಾವುದು, ಒಳಗು ಯಾವುದು, ಸುತ್ತಳತೆ ಎಷ್ಟು ಎಂಬ ಮೂರನ್ನೂ ತಾನೇ ಹೇಳಿಬಿಡುತ್ತದೆ.

ವೃತ್ತಗಳ ಹಾಳೆ

ಇದು ಎಲ್ಲಕ್ಕಿಂತ ಸುಲಭದ ಸಲಕರಣೆ, ನಾನು ಎಲ್ಲಕ್ಕಿಂತ ಮೊದಲು ಕೆಡಿಸಿದ್ದೂ ಇದನ್ನೇ. ಒಂದೇ ಕೇಂದ್ರದಿಂದ ಅರ್ಧವೃತ್ತಗಳನ್ನು ಎಳೆಯುತ್ತಾ ಹೋಗಬೇಕು. ತ್ರಿಜ್ಯ ಪ್ರತಿ ಸಲ 5 ಮಿಲಿಮೀಟರ್ ಹೆಚ್ಚಿದರೆ ವ್ಯಾಸ 1 ಸೆಂಟಿಮೀಟರ್ ಹೆಚ್ಚುತ್ತದೆ. ನಾನು 4 ಸೆಂಟಿಮೀಟರ್‌ನಿಂದ 40ರವರೆಗೆ ಎಳೆದೆ. ಕೇಂದ್ರದಿಂದ 18 ಡಿಗ್ರಿಗೊಂದರಂತೆ ಕಿರಣದ ಗೆರೆಗಳು. 18 ಡಿಗ್ರಿ ಎಂದರೆ ಪೂರ್ತಿ ಸುತ್ತಿನ ಶೇ. 5. ಚೂರಿನ ಬಾಯಂಚನ್ನು ಹಾಳೆಯ ಮೇಲೆ ಬೋರಲಾಗಿ ಇಟ್ಟು, ಯಾವ ವೃತ್ತಕ್ಕೆ ಸರಿಯಾಗಿ ಕೂರುತ್ತದೋ ಅದೇ ಬಾಯಿಯ ವ್ಯಾಸ. ಒಂದು ತುದಿಯನ್ನು ಸೊನ್ನೆಯ ಗೆರೆಗೆ ಇಟ್ಟರೆ ಇನ್ನೊಂದು ತುದಿ ಮುಟ್ಟುವ ಗೆರೆಯಲ್ಲಿ, ಬಾಯಿಯ ಶೇಕಡಾ ಎಷ್ಟು ಭಾಗ ಉಳಿದಿದೆ ಎಂಬುದೂ ಸಿಗುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಪ್ರಿಂಟ್ ತೆಗೆದೆ. ನಂಬಿಕೆ ಬರಲಿ ಎಂದು 200 ಮಿಲಿಮೀಟರ್ ಅಗಲದ ಡಬ್ಬಿ ಮುಚ್ಚಳ ಇಟ್ಟು ನೋಡಿದರೆ ಹಾಳೆ 206 ಎನ್ನುತ್ತಿದೆ. ಮುಚ್ಚಳವನ್ನು ಮೂರು ಸಲ ಅಳೆದೆ. ಮುಚ್ಚಳದ ತಪ್ಪಲ್ಲ. ಪ್ರಿಂಟರ್ ಹಾಳೆಯ ಅಂಚಿಗೆ ಹೊಂದಿಸಲು ಇಡೀ ಚಿತ್ರವನ್ನು ಸುಮಾರು ಶೇ. 3ರಷ್ಟು ಕುಗ್ಗಿಸಿತ್ತು. ವೃತ್ತ ಕುಗ್ಗಿದರೆ ಮಡಕೆ ದೊಡ್ಡದಾಗುತ್ತದೆ! ಈಗ ಹಾಳೆಯ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಗೆರೆ ಹಾಕಿದ್ದೇನೆ, ಪ್ರತಿ ಪ್ರಿಂಟಿಗೂ ಮೊದಲು ಸ್ಕೇಲು ಇಡುವುದು ಅದರ ಮೇಲೆ. ಈ ಕೆಲಸ ಮಾಡಹೊರಟವರು ಬೇರೆಲ್ಲ ಮರೆತರೂ ಈ ಗೆರೆ ಮರೆಯಬೇಡಿ.

ಮತ್ತೊಂದು ಗೊಂದಲ: ವ್ಯಾಸ ತುಟಿಯ ಹೊರಬದಿಯದ್ದೋ ಒಳಬದಿಯದ್ದೋ? ದಪ್ಪ ತುಟಿಯ ಪಾತ್ರೆಯಲ್ಲಿ ಎರಡಕ್ಕೂ 2 ಸೆಂಟಿಮೀಟರ್ ವ್ಯತ್ಯಾಸ ಬರಬಹುದು. ನಾನು ಹೊರಬದಿ ಎಂದು ಇಟ್ಟುಕೊಂಡೆ. ಯಾವುದಾದರೂ ಸರಿ, ಹಾಳೆಯ ತಲೆಯಲ್ಲಿ ಬರೆದಿರಬೇಕು.

ಹಾಳೆಯನ್ನು ನಂಬದವನಾಗಿ ಗಣಿತದಿಂದಲೂ ಒಮ್ಮೆ ನೋಡಿದೆ. ಬಾಯಂಚಿನ ಕಮಾನಿನ ಎರಡು ಬಿಂದುಗಳ ನಡುವಿನ ನೇರ ದೂರ ಜ್ಯಾ, ಅದರ ನಡುವಿನಿಂದ ಕಮಾನಿನ ಬೆನ್ನಿಗೆ ಇರುವ ಎತ್ತರ ಶರ. ಆರ್ಯಭಟ ಅರ್ಧ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ: ವೃತ್ತದಲ್ಲಿ ಎರಡು ಶರಗಳ ಗುಣಲಬ್ಧ ಅರ್ಧಜ್ಯೆಯ ವರ್ಗಕ್ಕೆ ಸಮ. ಎರಡನೆಯ ಶರ ಎಂದರೆ ವ್ಯಾಸದಲ್ಲಿ ಮೊದಲನೆಯದನ್ನು ಕಳೆದು ಉಳಿದದ್ದು. ಚೂರು 31ರಲ್ಲಿ ಜ್ಯಾ 60, ಶರ 5 ಮಿಲಿಮೀಟರ್. ಅರ್ಧಜ್ಯೆ 30, ವರ್ಗ 900. ಅದನ್ನು 5ರಿಂದ ಭಾಗಿಸಿದರೆ 180, ಮತ್ತೆ 5 ಕೂಡಿಸಿದರೆ ವ್ಯಾಸ 185. ಎಷ್ಟು ಸೊಗಸು ಎಂದು ಹಿಗ್ಗುವ ಮೊದಲು ಶರವನ್ನು ಅರ್ಧ ಮಿಲಿಮೀಟರ್ ತಪ್ಪಾಗಿ ಓದಿ ನೋಡಿ. 4.5 ಎಂದು ಓದಿದರೆ ವ್ಯಾಸ 204.5, 5.5 ಎಂದು ಓದಿದರೆ 169. ಕೂದಲೆಳೆಯ ತಪ್ಪಿಗೆ ಬಟ್ಟಲು ಮೂರೂವರೆ ಸೆಂಟಿಮೀಟರ್ ಓಲಾಡುತ್ತದೆ. ಸಣ್ಣ ಚೂರಿನಿಂದ ವ್ಯಾಸ ಹೇಳುವುದು ಎಷ್ಟು ಪುಕ್ಕಲು ಕೆಲಸ ಎಂದು ಈ ಲೆಕ್ಕದಿಂದಲೇ ನನಗೆ ಗೊತ್ತಾದದ್ದು. ಆಮೇಲಿಂದ ಶೇ. 5ಕ್ಕಿಂತ ಕಡಿಮೆ ಬಾಯಂಚಿರುವ ಚೂರಿಗೆ ವ್ಯಾಸ ಬರೆಯುವುದನ್ನೇ ಬಿಟ್ಟೆ.

ಶೇಕಡಾವಾರಿನಿಂದ ಇನ್ನೊಂದು ಲಾಭವೂ ಇದೆ. ಬಟ್ಟಲಿನದೆಂದು ಕಂಡ ಆರು ಚೂರು: 22, 19, 18, 16, 11, 10. ಕೂಡಿದರೆ 96. ಗಡಿಗೆಯ ಐದು: 24, 23, 21, 18, 15. ಕೂಡಿದರೆ 101, ಅಂದರೆ ಎಲ್ಲೋ ಒಂದು ಕಡೆ ಕಣ್ಣು ಜಾರಿದೆ. ಕುಡಿಕೆಯ ಮೂರು: 38, 34, 27. ಎಲ್ಲ ಸೇರಿ 296, ಅಂದರೆ 2.96 ಪಾತ್ರೆ. ಬುಟ್ಟಿಯಲ್ಲಿ ಇದ್ದದ್ದು ಮೂರು. ಉತ್ಖನನದಲ್ಲಿ ಸಾವಿರಾರು ಚೂರು ಬಂದಾಗ, ಬರೀ ಚೂರು ಎಣಿಸಿದರೆ ಹೆಚ್ಚು ಪುಡಿಯಾದ ಪಾತ್ರೆಗೆ ಹೆಚ್ಚು ಓಟು ಬೀಳುತ್ತದೆ. ನನ್ನ ಬುಟ್ಟಿಯಲ್ಲೇ ಗಡಿಗೆ 41, ಕುಡಿಕೆ 8. ಬಾಯಂಚಿನ ಶೇಕಡಾ ಕೂಡಿಸುವ ಈ ಲೆಕ್ಕ ಆ ಪಕ್ಷಪಾತವನ್ನು ಬಹುಪಾಲು ಕಳೆಯುತ್ತದೆ.

ಕಡ್ಡಿ ಬಾಚಣಿಗೆ, ಕತ್ತರಿ ಮಾಪಕ

ಚೂರಿನ ಹೊರಗೆರೆಯನ್ನು ಕಾಗದಕ್ಕೆ ಇಳಿಸಲು ಬಡಗಿಗಳ ಹತ್ತಿರ ಇರುವಂಥ ಬಾಚಣಿಗೆ ಬೇಕು. ಸಾಲಾಗಿ ಜೋಡಿಸಿದ ಕಡ್ಡಿಗಳು, ಒತ್ತಿದರೆ ಹಿಂದೆ ಜಾರಿ ಎದುರಿನ ವಸ್ತುವಿನ ಆಕಾರ ತಾಳುತ್ತವೆ. ಮೊದಲ ಪ್ರಯತ್ನ ಹಲ್ಲುಕಡ್ಡಿಗಳದ್ದು, ಎರಡು ಫೋಮ್ ಹಲಗೆಗಳ ನಡುವೆ. ಅರ್ಧ ಗಂಟೆಯಲ್ಲಿ ಫೋಮ್ ಸವೆದು ಕಡ್ಡಿಗಳು ಸಡಿಲವಾಗಿ, ಬಾಚಣಿಗೆಯನ್ನು ಎತ್ತಿದರೆ ಆಕಾರವೇ ಉದುರಿಹೋಗುತ್ತಿತ್ತು. ಎರಡನೆಯದಕ್ಕೆ 3 ಮಿಲಿಮೀಟರ್ ಬಿದಿರು ಕಡ್ಡಿ 40, ಎರಡು ಮರದ ಪಟ್ಟಿ, ಪಟ್ಟಿಗಳ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರ್, ಎರಡೂ ತುದಿಯಲ್ಲಿ ಚಿಟ್ಟೆನಟ್ಟು. ನಟ್ಟು ಸಡಿಲ ಬಿಟ್ಟು ಒತ್ತುವುದು, ಬಿಗಿ ಮಾಡಿ ಎತ್ತುವುದು. ಇದು ಕೆಲಸ ಮಾಡಿತು.

ಆದರೆ ಹೆಗಲು, ಒಡಲಿನಂಥ ದೊಡ್ಡ ಬಾಗುಗಳಿಗೆ ಮಾತ್ರ. 9 ಮಿಲಿಮೀಟರ್ ದಪ್ಪದ ತುಟಿಯ ಮೇಲೆ ಮೂರೇ ಕಡ್ಡಿ ಕೂರುತ್ತವೆ, ಮೂರು ಬಿಂದುವಿನಿಂದ ತುಟಿಯ ದುಂಡು ಎಲ್ಲಿ ಬರಬೇಕು? ಇನ್ನೂ ಸಣ್ಣಗಿರಲಿ ಎಂದು 2 ಮಿಲಿಮೀಟರಿನ ಸೈಕಲ್ ಕಡ್ಡಿಗಳನ್ನು ಹಾಕಿ ನೋಡಿದೆ. ಗೆರೆ ಚೆನ್ನಾಗಿ ಬಂತು, ಚೂರಿನ ಮೇಲೆ ಗೀರೂ ಚೆನ್ನಾಗಿ ಬಿತ್ತು. ಲೋಹದ ಬಾಚಣಿಗೆಯನ್ನು ಹಳೆಯ ಚೂರಿಗೆ, ಅದರಲ್ಲೂ ಬಣ್ಣ ಅಥವಾ ಲೇಪ ಇರುವ ಚೂರಿಗೆ ಮುಟ್ಟಿಸಲೇಬಾರದು. ಬಿದಿರಿಗೇ ವಾಪಸ್ಸಾದೆ. ತುಟಿಯನ್ನು ಕಣ್ಣಿನಿಂದ, ಕೈಯಿಂದ, ಸ್ಕೇಲಿನಿಂದ ಬಿಡಿಸುತ್ತೇನೆ. ತುಟಿಯನ್ನು ದಿಟ್ಟಿಸಿ ನೋಡಲು ಅದೊಂದು ನೆಪವೂ ಆಯಿತು.

ಗೋಡೆಯ ದಪ್ಪ ಅಳೆಯುವುದು ಸುಲಭ ಎಂದುಕೊಂಡಿದ್ದೆ. ವರ್ನಿಯರ್ ಕ್ಯಾಲಿಪರಿನ ದವಡೆ ದಪ್ಪ ತುಟಿಗೆ ತಾಗಿ ಕತ್ತಿನ ಹತ್ತಿರ ಹೋಗುವುದೇ ಇಲ್ಲ. ಅದಕ್ಕೆ ಕತ್ತರಿಯಂಥದ್ದೊಂದು ಮಾಡಿದೆ. 160 ಮಿಲಿಮೀಟರ್ ಉದ್ದದ ಎರಡು ಬಾಗಿದ ಬಿದಿರ ಪಟ್ಟಿ, ನಟ್ಟನಡುವೆ ತೂತು ಕೊರೆದು ಸ್ಕ್ರೂ. ಒಂದು ಕಡೆಯ ತುದಿಗಳು ಗೋಡೆಯನ್ನು ಕಚ್ಚಿದರೆ ಇನ್ನೊಂದು ಕಡೆಯ ತುದಿಗಳು ಅಷ್ಟೇ ತೆರೆದುಕೊಳ್ಳುತ್ತವೆ, ಅಲ್ಲಿ ಸ್ಕೇಲು ಇಟ್ಟು ಓದಬಹುದು. ತೂತು ನಡುವಿನಿಂದ 2 ಮಿಲಿಮೀಟರ್ ಸರಿದಿದ್ದರಿಂದ ಮೊದಲನೆಯದು 6 ಮಿಲಿಮೀಟರನ್ನು 6.3 ಎನ್ನುತ್ತಿತ್ತು. ಎರಡನೆಯದು ನೆಟ್ಟಗಿದೆ. ಇಡೀ ಪೆಟ್ಟಿಗೆಯಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ.

ಚೂರನ್ನು ನಿಲ್ಲಿಸಿಕೊಳ್ಳಲು ಮೊದಲು ಮಕ್ಕಳ ಆಟದ ಜೇಡಿ ಬಳಸಿದೆ. ಅದರ ಎಣ್ಣೆ ಸುಟ್ಟ ಮಣ್ಣಿಗೆ ಇಳಿದು ಕಲೆಯಾಯಿತು. ಈಗ ತಟ್ಟೆಯಲ್ಲಿ ಒಣ ಮರಳು, ಅಷ್ಟೇ.

ನಿಲುವು

ಇಲ್ಲಿ ನಾನು ಕಳೆದ ಸಮಯ ಉಳಿದೆಲ್ಲಕ್ಕೂ ಸೇರಿಸಿ ಕಳೆದದ್ದಕ್ಕಿಂತ ಹೆಚ್ಚು. ಚೂರನ್ನು ಕೈಯಲ್ಲಿ ಹಿಡಿದಾಗ ಅದು ಮಡಕೆಯಲ್ಲಿ ಯಾವ ಓರೆಯಲ್ಲಿ ನಿಂತಿತ್ತೋ ಅದೇ ಓರೆಯಲ್ಲಿ ಹಿಡಿದಿದ್ದೇವೆಯೇ? ಕೈಗೆ ಒಂದು ಕೆಟ್ಟ ಅಭ್ಯಾಸವಿದೆ, ಯಾವ ಚೂರನ್ನಾದರೂ ನೆಟ್ಟಗೆ ಹಿಡಿಯುತ್ತದೆ. ಬಟ್ಟಲಿನ ಗೋಡೆ ಹೊರಕ್ಕೆ ಓರೆಯಾಗಿ ಹೋಗುತ್ತದೆ. ಅದನ್ನು ನೆಟ್ಟಗೆ ಹಿಡಿದು ಚಿತ್ರ ಬರೆದರೆ ಲೋಟ ಆಗುತ್ತದೆ. ಇನ್ನಷ್ಟು ಒಳಕ್ಕೆ ವಾಲಿಸಿದರೆ ಮುಚ್ಚಿದ ಬಾಯಿಯ ಗಡಿಗೆ. ಚೂರು ಒಂದೇ, ಪಾತ್ರೆ ಮೂರು.

ಚೂರು 12ರಲ್ಲಿ ನಾನು ಇದನ್ನೇ ಮಾಡಿದೆ. ಅದು ಬಟ್ಟಲಿನದು. ನಾನು ಅದನ್ನು ‘ನೇರ ಗೋಡೆಯ ಪಾತ್ರೆ’ ಎಂದು ಬರೆದು, ಬುಟ್ಟಿಯಲ್ಲಿ ನಾಲ್ಕನೆಯ ಪಾತ್ರೆಯೊಂದು ಇದೆ ಎಂದು ತಂಗಿಯನ್ನು ದಬಾಯಿಸಿದೆ.

"ನಾಲ್ಕನೇದು ನೀನೇ ಮಾಡಿರೋದು ಅಣ್ಣಾ, ಪೆನ್ಸಿಲಲ್ಲಿ" ಎಂದಳು.

ಲೆಕ್ಕ ಹಾಕಿ ನೋಡಿದೆ. ಚೂರಿನ ಎತ್ತರ 50 ಮಿಲಿಮೀಟರ್ ಎಂದುಕೊಳ್ಳಿ. ಓರೆ 10 ಡಿಗ್ರಿ ತಪ್ಪಿದರೆ ಚೂರಿನ ಕೆಳತುದಿ 8.7 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅದೇ ಗೆರೆಯನ್ನು ಕಲ್ಪನೆಯಲ್ಲಿ 150 ಮಿಲಿಮೀಟರ್‌ವರೆಗೆ ಇಳಿಸಿದರೆ 26 ಮಿಲಿಮೀಟರ್, ಎರಡೂ ಬದಿ ಸೇರಿ ವ್ಯಾಸದಲ್ಲಿ 52. ಬರೀ 10 ಡಿಗ್ರಿ! ಕೈ ಅಷ್ಟು ವಾಲಿರುವುದು ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಪರಿಹಾರ ಹಳೆಯದು, ಸಲಕರಣೆಯೇ ಬೇಡದ್ದು. ಮಡಕೆಯ ಬಾಯಿ ಒಂದೇ ಸಮತಲದಲ್ಲಿರುತ್ತದೆ, ಏಕೆಂದರೆ ತಿಗರಿಯ, ಅಂದರೆ ಕುಂಬಾರನ ಚಕ್ರದ, ಮೇಲೆ ಅದು ಸಮತಲದಲ್ಲಿ ಸುತ್ತಿದೆ. ಚೂರನ್ನು ಬೋರಲು ಹಾಕಿ ಬಾಯಂಚನ್ನು ಗಾಜಿನ ಹಲಗೆಯ ಮೇಲೆ ಇಡಿ. ಎದುರುಬದಿಯಿಂದ ಟಾರ್ಚು ಬಿಡಿ. ಅಂಚಿನ ಕೆಳಗೆ ಬೆಳಕು ನುಸುಳುತ್ತಿದ್ದರೆ ನಿಲುವು ತಪ್ಪು. ಚೂರನ್ನು ಮೆಲ್ಲಗೆ ಹಿಂದೆ ಮುಂದೆ ತೂಗುತ್ತಾ ಬನ್ನಿ. ಒಂದು ಓರೆಯಲ್ಲಿ ಬೆಳಕಿನ ಗೆರೆ ಪೂರ್ತಿ ಅಳಿಸಿಹೋಗುತ್ತದೆ. ಅದೇ ಅದರ ನಿಜವಾದ ನಿಲುವು. ಪಕ್ಕದಲ್ಲಿ ಸೆಟ್‌ಸ್ಕ್ವೇರ್ ನಿಲ್ಲಿಸಿ, ಗೋಡೆಯ ಒಂದೊಂದು ಬಿಂದುವೂ ಅದರಿಂದ ಎಷ್ಟು ದೂರ ಎಂದು ಅಳೆದುಕೊಂಡರೆ ಚಿತ್ರದ ಅರ್ಧ ಕೆಲಸ ಆದಂತೆ.

ಕೈಯಲ್ಲೇ ಮಾಡಿದ ಪಾತ್ರೆಗಳ ಬಾಯಿ ತುಸು ಅಲೆಯಲೆಯಾಗಿರುತ್ತದೆ, ಅಲ್ಲಿ ಬೆಳಕು ಪೂರ್ತಿ ನಿಲ್ಲುವುದಿಲ್ಲ. ಎರಡು ಬೆರಳಗಲದ ಚೂರು ಎರಡು ಮೂರು ಓರೆಯಲ್ಲೂ ಕೂತುಬಿಡುತ್ತದೆ. ಅಂಥ ಸಣ್ಣ ಚೂರು ತಿಗರಿಯ ಪಾತ್ರೆಯದಾದರೆ ಒಳಮೈಯ ತಿಗರಿ ಗೆರೆಗಳೇ ಸಾಕ್ಷಿ. ಕುಂಬಾರನ ಬೆರಳು ಎಳೆದ ಆ ಸಣ್ಣ ಗೆರೆಗಳು ನೆಲಕ್ಕೆ ಸಮಾನಾಂತರವಾಗಿರುತ್ತವೆ, ಅವು ಅಡ್ಡಡ್ಡ ಮಟ್ಟವಾಗುವಂತೆ ಹಿಡಿದರೆ ಒಂದು ದಿಕ್ಕಿನ ವಾಲು ಹೋಗುತ್ತದೆ. ಗಡಿಗೆಯ ಕೆಳಭಾಗದ ಚೂರುಗಳಲ್ಲಿ ಈ ಗೆರೆಗಳೇ ಇರಲಿಲ್ಲ. ಬಾಯಿ, ಕತ್ತನ್ನು ತಿಗರಿಯಲ್ಲಿ ಎತ್ತಿ, ಉರುಟು ತಳವನ್ನು ಆಮೇಲೆ ಒಳಗೆ ಕಲ್ಲೋ ಮಣ್ಣಿನ ಗುಂಡೋ ಹಿಡಿದು ಹೊರಗಿನಿಂದ ಮರದ ಪಟ್ಟಿಯಲ್ಲಿ ತಟ್ಟಿ ಹಿಗ್ಗಿಸುತ್ತಾರೆ. ತಟ್ಟಿದ ಪೆಟ್ಟು ತಿಗರಿಯ ಗೆರೆಯನ್ನು ಅಳಿಸಿ, ಒಳಗೆ ನುಣುಪಾದ ತಗ್ಗುಗಳನ್ನು ಬಿಡುತ್ತದೆ. ಬೆರಳಾಡಿಸಿದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ.

ಹೆಸರು ಕೊನೆಗೆ

ಈಗ ಗೆರೆ ಬಂತು. ಅದನ್ನು ಮಾತಿಗೆ ಇಳಿಸುವುದು ಹೇಗೆ? ದಾರಿ ತೋರಿಸಿದ್ದು ಹಳೆಯ ಮಡಕೆಗಳ ತಜ್ಞೆ ಆನಾ ಶೆಪರ್ಡ್ 1956ರಲ್ಲಿ ಮುಂದಿಟ್ಟ ವಿಧಾನ. ಅದರ ಬೇರು ಗಣಿತಜ್ಞ ಜಾರ್ಜ್ ಬರ್ಕಾಫ್ 1933ರಲ್ಲಿ ಹೂಜಿಗಳ ಸೌಂದರ್ಯವನ್ನು ಅಳೆಯಲು ಹೋದ ಕೆಲಸದಲ್ಲಿದೆ. ಸೌಂದರ್ಯದ ಸೂತ್ರ ಏನಾದರೂ ಇರಲಿ, ಪಾತ್ರೆಯ ಗೆರೆಯ ಮೇಲೆ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಅವರು ಕೇಳಿದ ಪ್ರಶ್ನೆ ನನಗೆ ಬೇಕಾದದ್ದು. ಕಣ್ಣು ನಿಲ್ಲುವುದು ನಾಲ್ಕು ಬಗೆಯ ಜಾಗಗಳಲ್ಲಿ. ಒಂದು, ಗೆರೆಯ ತುದಿಗಳು, ಅಂದರೆ ತುಟಿ ಮತ್ತು ತಳ. ಎರಡು, ಗೋಡೆ ಕ್ಷಣಕಾಲ ನೆಟ್ಟಗೆ ನಿಲ್ಲುವ ಜಾಗ: ಹೊಟ್ಟೆಯ ಅತಿ ಅಗಲದ ಮಟ್ಟ, ಕತ್ತಿನ ಅತಿ ಕಿರಿದಾದ ಮಟ್ಟ. ಮೂರು, ಬಾಗಿನ ದಿಕ್ಕು ಬದಲಾಗುವ ಜಾಗ, ಒಳಬಾಗು ಹೊರಬಾಗಾಗಿ ತಿರುಗುವ ಬಿಂದು. ನಾಲ್ಕು, ಗೆರೆ ಫಕ್ಕನೆ ಮುರಿಯುವ ಏಣು.

ಇಷ್ಟೇ. ಪ್ರತಿ ಬಿಂದುವಿಗೂ ಎರಡು ಅಂಕಿ: ಬಾಯಂಚಿನಿಂದ ಎಷ್ಟು ಕೆಳಗೆ, ಅಲ್ಲಿ ವ್ಯಾಸ ಎಷ್ಟು. ಎರಡು ಬಿಂದುಗಳ ನಡುವೆ ಗೋಡೆ ನೇರವೋ, ಒಳಬಾಗೋ, ಹೊರಬಾಗೋ. ಬಟ್ಟಲಿನ ಗೆರೆಯಲ್ಲಿ ತುದಿಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಗಡಿಗೆಯಲ್ಲಿ ಕತ್ತು, ತಿರುವು, ಹೊಟ್ಟೆ ಮೂರೂ ಇವೆ. ಕುಡಿಕೆಯ ಹೆಗಲಲ್ಲಿ ಒಂದು ಏಣು ಇದೆ, ಚೂರಿನಲ್ಲಿ ಬೆರಳಿಗೆ ಚುಚ್ಚುವಷ್ಟು ಸ್ಪಷ್ಟ.

ಗಡಿಗೆ, ಬಟ್ಟಲು ಎಂಬ ಹೆಸರುಗಳೇ ಬೇಡವೇ? ಬೇಕು, ಆದರೆ ಕೊನೆಗೆ. ಹೆಸರಿನ ಜೊತೆ ಬಳಕೆಯೂ ನುಸುಳಿ ಬರುತ್ತದೆ. ಕುಡಿಕೆ ಎಂದ ಕೂಡಲೇ ಅದರಲ್ಲಿ ಏನೋ ತುಂಬಿಟ್ಟಿದ್ದರು ಎಂದು ಮನಸ್ಸು ಕತೆ ಕಟ್ಟುತ್ತದೆ. ಕೆಲವು ಸಾವಿರ ವರ್ಷ ಹಿಂದಿನವರು ಅದರಲ್ಲಿ ಏನು ಇಟ್ಟರೋ, ಯಾವ ಹೆಸರಿನಿಂದ ಕರೆದರೋ. ಹಳಬರು ಇದಕ್ಕೇ ಅಂಕಿಯ ಮೊರೆ ಹೋದರು ಎಂದು ಈಗ ಅರ್ಥವಾಗುತ್ತದೆ. ಹೈನ್ರಿಕ್ ಡ್ರೆಸೆಲ್ ಎಂಬ ವಿದ್ವಾಂಸ 1899ರಲ್ಲಿ ರೋಮನ್ ಆಂಫೊರಾಗಳ (ಸರಕು ಸಾಗಿಸುವ ಎರಡು ಹಿಡಿಕೆಯ ಮಣ್ಣಿನ ಜಾಡಿಗಳ) ಆಕಾರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಬರೀ ನಂಬರು ಕೊಟ್ಟ. ಇಂದಿಗೂ ‘ಡ್ರೆಸೆಲ್ 20’ ಎಂದರೆ ಸಾಕು, ಗುಂಡನೆಯ ಹೊಟ್ಟೆಯ, ದಕ್ಷಿಣ ಸ್ಪೇನಿನಿಂದ ಆಲಿವ್ ಎಣ್ಣೆ ಹೊತ್ತು ಬಂದ ಪಾತ್ರೆ ಎಂದು ಬಲ್ಲವರಿಗೆ ತಿಳಿಯುತ್ತದೆ. ರೋಮ್‌ನಲ್ಲಿರುವ ಮೊಂಟೆ ಟೆಸ್ಟಾಚೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡ ಪೂರಾ ಆಂಫೊರಾ ಚೂರುಗಳದ್ದು, ಬಹುಪಾಲು ಈ ಆಕಾರದ್ದೇ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ, ಒಳಗೆ ಚುಕ್ಕೆಸಾಲುಗಳ ಉಂಗುರವಿದ್ದು ಬಾಯಂಚು ಕೊಕ್ಕಿನಂತೆ ಒಳಬಾಗಿದ ತಟ್ಟೆಗೆ ‘ಟೈಪ್ 1’ ಎಂದಷ್ಟೇ ಗುರುತು ಕೊಟ್ಟರು. 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳ ಅಗೆತದಲ್ಲಿ ಆ ಬಗೆಯ ತಟ್ಟೆಯ ಚೂರುಗಳು ಮತ್ತೆ ಎದ್ದಾಗ ಆ ಪದರಗಳ ಕಾಲ ಕಟ್ಟಲು ಅವೇ ಆಧಾರವಾದವು. ‘ಚೆಂದದ ತಟ್ಟೆ’ ಎಂದು ಬರೆದಿಟ್ಟಿದ್ದರೆ ಆಗುತ್ತಿತ್ತೇ?

ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರೀಯ ಕತೆ ಇನ್ನೂ ಚೆನ್ನಾಗಿದೆ. ಈಜಿಪ್ಟಿನ ರಾಜವಂಶಗಳಿಗೂ ಹಿಂದಿನ ಸಮಾಧಿಗಳಲ್ಲಿ ಸಿಕ್ಕ ಮಡಕೆಗಳನ್ನು ಕಾಲದ ಸಾಲಿನಲ್ಲಿ ನಿಲ್ಲಿಸಬೇಕಿತ್ತು, ತಾರೀಖು ಯಾವುದೂ ಇಲ್ಲ. ಆತ ಸುಮಾರು 900 ಸಮಾಧಿಗಳಿಗೆ ಒಂದೊಂದು ಪಟ್ಟಿ ಕತ್ತರಿಸಿ, ಅದರಲ್ಲಿ ಸಿಕ್ಕ ಆಕಾರಗಳನ್ನು ಬರೆದು, ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸುತ್ತಾ ಕೂತ. ದಾರಿ ತೋರಿದ್ದು ಒಂದು ಬಗೆಯ ಪಾತ್ರೆ. ಮೊದಲಿಗೆ ಉಬ್ಬಿದ ಹೊಟ್ಟೆ, ಹಿಡಿದೆತ್ತಬಹುದಾದ ಅಲೆಯಂಥ ಹಿಡಿಕೆ. ಬರಬರುತ್ತಾ ಹೊಟ್ಟೆ ಕರಗಿ, ಹಿಡಿಕೆ ಸವೆದು, ಕೊನೆಗೆ ನೆಟ್ಟನೆಯ ಕೊಳವೆಯಂಥ ಪಾತ್ರೆಯ ಮೇಲೆ ಬರೀ ಅಲೆಗೆರೆ ಉಳಿಯುತ್ತದೆ. ತನ್ನ ಸಾಲಿಗೆ ಅಂಕಿ ಕೊಡುವಾಗ 30ರಿಂದ ಶುರುಮಾಡಿದ, ಇದಕ್ಕಿಂತ ಹಳೆಯದು ಮುಂದೆ ಸಿಕ್ಕಿದರೆ ಜಾಗ ಇರಲಿ ಎಂದು. ಇಂಥ ಮುಂದಾಲೋಚನೆ ಇಲ್ಲದ್ದರಿಂದಲೇ ನಾನು ಬುಟ್ಟಿ ತಳದಲ್ಲಿ ಆಮೇಲೆ ಸಿಕ್ಕ ಚೂರಿಗೆ 14ಅ ಎಂದು ಬರೆಯಬೇಕಾಯಿತು.

ಎರಡನೆಯ ಪರೀಕ್ಷೆ

ಹೂದಾನಿಯಾಗಿದ್ದ ಚೂರಿನಂಥದ್ದೇ ಇನ್ನೊಂದನ್ನು, ಗಡಿಗೆಯ ಚೂರು 9ನ್ನು, ಹೊಸ ರೀತಿಯಲ್ಲಿ ಬರೆದೆ:

‘ಬಾಯಂಚಿನ ಹೊರವ್ಯಾಸ 142 ಮಿಮೀ, ಶೇ. 24 ಉಳಿದಿದೆ. ತುಟಿ ದುಂಡಗೆ, ದಪ್ಪ 9. ತುಟಿಯಿಂದ ಗೋಡೆ ಒಳಬಾಗಿನಲ್ಲಿ ಇಳಿದು 22 ಮಿಮೀ ಕೆಳಗೆ ಅತಿ ಕಿರಿದು, ಅಲ್ಲಿ ಹೊರವ್ಯಾಸ 118. ಅಲ್ಲಿಂದ ಅಗಲವಾಗುತ್ತಾ 41 ಮಿಮೀ ಕೆಳಗೆ ಬಾಗು ತಿರುಗುತ್ತದೆ, ವ್ಯಾಸ 150. ಮುಂದೆ ಹೊರಬಾಗು. 63 ಮಿಮೀ ಕೆಳಗೆ, ವ್ಯಾಸ 186 ಇರುವಲ್ಲಿ ಒಡೆದಿದೆ. ಹೊಟ್ಟೆಯ ಅತಿ ಅಗಲದ ಮಟ್ಟ ಉಳಿದಿಲ್ಲ. ಕತ್ತಿನಲ್ಲಿ ಗೋಡೆ 7, ಒಡೆದಲ್ಲಿ 6. ಏಣು ಇಲ್ಲ.’

ಓದುತ್ತಾ ಹೋದಂತೆ ತಂಗಿ ಗ್ರಾಫ್ ಹಾಳೆಯ ನಡುವೆ ಗೆರೆ ಎಳೆದು, ಚುಕ್ಕೆ ಇಟ್ಟು, ಚುಕ್ಕೆ ಸೇರಿಸಿದಳು. ‘ಚೆಂದ’ ಎಂಬ ಪದ ಎಲ್ಲೂ ಬರಲಿಲ್ಲವಲ್ಲ ಎಂದು ರೇಗಿಸುತ್ತಲೇ ಬರೆದಳು. ಅವಳ ಹಾಳೆ, ನನ್ನ ಹಾಳೆ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದೆವು. ಹೆಗಲಿನಲ್ಲಿ ಅವಳ ಗೆರೆ ಎರಡು ಮಿಲಿಮೀಟರ್ ಚಪ್ಪಟೆ, ತುಟಿಯ ಹೊರಮೈ ತುಸು ಮೊನಚು. ಉಳಿದದ್ದೆಲ್ಲ ಒಂದೇ ಗೆರೆ. ತುಟಿಯ ತಪ್ಪು ನನ್ನದೇ. ‘ದುಂಡಗೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ, ಒಳಬದಿಗಿಂತ ಹೊರಬದಿ ಹೆಚ್ಚು ದುಂಡು ಎಂದು ಹೇಳಿರಲಿಲ್ಲ. ಚೂರುಗಳ ವಿವರ ತುಂಬುವ ನನ್ನ ಫಾರಂನಲ್ಲಿ ತುಟಿಗೆ ಈಗ ಮೂರು ಖಾನೆ ಇವೆ: ಒಳಬದಿ, ಮೇಲುಬದಿ, ಹೊರಬದಿ.

ಲಕೋಟೆ ಒಡೆದೆವು. ಬಟ್ಟಲು 184 ಮಿಮೀ, ನಾನು ಹಾಳೆಯಿಂದ ಓದಿದ್ದು 18 ಮತ್ತು 19 ಸೆಂಟಿಮೀಟರ್‌ಗಳ ನಡುವೆ. ಗಡಿಗೆ 142, ಸರಿ. ಕುಡಿಕೆ 76, ನಾನು ಬರೆದದ್ದು 80. ಸಣ್ಣ ವೃತ್ತಗಳಲ್ಲಿ ಒಂದು ಸೆಂಟಿಮೀಟರಿನ ಅಂತರ ತೀರಾ ದೊಡ್ಡದು. 10 ಸೆಂಟಿಮೀಟರ್ ಒಳಗಿನ ವೃತ್ತಗಳನ್ನು ಅರ್ಧರ್ಧ ಸೆಂಟಿಮೀಟರಿಗೆ ಮತ್ತೆ ಎಳೆದೆ.

ಚಿತ್ರದ ಬಗ್ಗೆ ಎರಡು ಮಾತು. ನಡುವೆ ಮಡಕೆಯ ಅಕ್ಷವನ್ನು ತೋರಿಸುವ ನೇರ ನಡುಗೆರೆ, ಅದರ ಎಡಕ್ಕೆ ಗೋಡೆಯ ಸೀಳುನೋಟ ಕಪ್ಪು ತುಂಬಿ, ಬಲಕ್ಕೆ ಹೊರಮೈ. ಕೆಲವು ಕಡೆ ಇದು ಅದಲು ಬದಲು, ಒಂದನ್ನು ಹಿಡಿದು ಬಿಡದಿದ್ದರೆ ಸಾಕು. ಬರೆಯುವುದು ನಿಜ ಅಳತೆಯಲ್ಲಿ, ಅಚ್ಚಿಗೆ 1:3 ಅಥವಾ 1:4ಕ್ಕೆ ಕುಗ್ಗಿಸುವುದು. ನಾನು ಮೊದಲು ತೆಳು ಪೆನ್ನಿನಲ್ಲಿ ಬರೆದ ಹಾಳೆ ಕುಗ್ಗಿಸಿದಾಗ ಅರ್ಧ ಗೆರೆಗಳು ಮಾಯವಾಗಿದ್ದವು.

ಉಳಿದದ್ದು ಚೂರು 52. ಅಂಗೈಯಗಲ, ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬಿದೆ. ತಿಗರಿ ಗೆರೆ ಇಲ್ಲ, ಒಳಗೆ ತಟ್ಟಿದ ತಗ್ಗು ಇದೆ. ಹಾಗಾಗಿ ಗಡಿಗೆಯ ಕೆಳಭಾಗದ್ದು ಎಂಬುದು ಖಚಿತ. ಅದರಾಚೆಗೆ ಮೇಲು ಯಾವುದು, ಕೆಳಗು ಯಾವುದು? ಎರಡು ಸಂಜೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಬಿಡೋ ಅಣ್ಣಾ, ಏನೋ ಒಂದು ಬರೆದುಬಿಡು. ಯಾರು ನೋಡ್ತಾರೆ?"

ಬರೆಯಲಿಲ್ಲ. ಅಂಚುಗಳನ್ನು ಹೊಂದಿಸುತ್ತಾ ಹೋದಾಗ 47 ಮತ್ತು 60 ಅದಕ್ಕೆ ಕಚ್ಚಿಕೊಂಡವು. ಮೂರೂ ಸೇರಿ ಎರಡು ಅಂಗೈಯಷ್ಟಾದವು. ಮೂರಕ್ಕೂ ಗೆರೆಯಿಲ್ಲ, ಮೂರೂ ಒಂದೇ ಸಮ ಉಬ್ಬು. ಫಾರಂನಲ್ಲಿ ಮೂರು ಸಾಲು ಹೊಡೆದುಹಾಕಿ ಒಂದು ಸಾಲು ಮಾಡಿದೆ: ‘47+52+60. ಒಡಲು, ಕೆಳಭಾಗ. ಗೋಡೆ 5ರಿಂದ 6 ಮಿಮೀ. ನಿಲುವು ತಿಳಿಯದು.’ ಚಿತ್ರದಲ್ಲಿ ನಡುಗೆರೆ ಎಳೆಯಲಿಲ್ಲ.